ಗೆರೆ ದಾಟಿದ ಚಕ್ರ

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ರೈಲ್ವೆ ಗೇಟಿನ ಗಂಟೆ ತಾನಾಗಿ ಹೇಗೆ ಬಾರಿಸುತ್ತದೆ ಎಂದು ಎರಡು ಪುಟ ಬರೆದಿದ್ದೆ. ಕೊನೆಯಲ್ಲಿ ಸುಮ್ಮನಿರಲಾರದೆ, ದೊಡ್ಡ ಊರೊಂದರಿಂದ ನನ್ನ ಸ್ಕೂಟರಿಗೆ ಕೆಂಪು ದೀಪ ದಾಟಿದ ನೋಟಿಸು ಬಂದಿದೆ, ಆ ಸ್ಕೂಟರೋ ಬಳ್ಳಾರಿ ಬಿಟ್ಟು ಕುಡತಿನಿಯನ್ನೂ ಕಂಡಿಲ್ಲ ಎಂದು ಒಂದು ಸಾಲು ಗೊಣಗಿದ್ದೆ. ಗಂಟೆಯ ಬಗ್ಗೆ ಒಬ್ಬರೂ ಬರೆಯಲಿಲ್ಲ. ಆ ಒಂದು ಸಾಲಿಗೆ ಮಾತ್ರ, ಕೆಂಪು ದೀಪ ದಾಟುವವರನ್ನು ಹಿಡಿಯುವ ಕ್ಯಾಮೆರಾದ ಬಗ್ಗೆ ಕೇಳಿ, ಬುಟ್ಟಿ ತುಂಬುವಷ್ಟು ಪತ್ರಗಳು ಬಂದಿವೆ.

ಹೆಸರು ಹಾಕಬೇಡಿ ಎಂದು ಬಹುತೇಕರು ಕೇಳಿಕೊಂಡಿದ್ದಾರೆ. ಯಾಕೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಊರು, ಉದ್ಯೋಗ ಮಾತ್ರ ಹಾಕಿದ್ದೇನೆ. ನಾನು ಪೊಲೀಸನಲ್ಲ, ವಕೀಲನೂ ಅಲ್ಲ; ಮೂವತ್ತಮೂರು ವರ್ಷ ರೈಲ್ವೆಯಲ್ಲಿ ಸಿಗ್ನಲ್ ಮೇಂಟೇನರ್ ಆಗಿದ್ದವನು. ಕೆಂಪು ದೀಪದ ವಿಷಯದಲ್ಲಿ ನನ್ನ ಸ್ವಭಾವ ಸ್ವಲ್ಪ ಬಿಗಿಯಾಗಿದ್ದರೆ ಅದಕ್ಕೆ ಆ ನೌಕರಿಯೇ ಕಾರಣ.

ಪ್ರಶ್ನೆ: ದೀಪ ಇರುವುದು ನನ್ನ ಎದುರಿಗೆ. ಕ್ಯಾಮೆರಾ ಇದ್ದದ್ದು ನನ್ನ ಬೆನ್ನಿಗೆ. ಅದಕ್ಕೆ ದೀಪ ಕೆಂಪಾಗಿದೆ ಎಂದು ಹೇಳಿದವರು ಯಾರು?
(ಭತ್ತದ ವ್ಯಾಪಾರಿ, ಗಂಗಾವತಿ)

ದೀಪವೇ ಹೇಳುತ್ತದೆ. ಮೂಲೆಯಲ್ಲಿ ಕಾಲುದಾರಿಯ ಮೇಲೆ ತಗಡಿನ ಕಪಾಟೊಂದು ನಿಂತಿರುತ್ತದೆ, ನೋಡಿದ್ದೀರಾ? ಮೇಲೆ ಸಿನಿಮಾ ಪೋಸ್ಟರು, ಕೆಳಗೆ ಎಲೆಅಡಿಕೆಯ ಕಲೆ. ಅದು ಸಿಗ್ನಲಿನ ನಿಯಂತ್ರಕ. ಯಾವ ರಸ್ತೆಗೆ ಯಾವಾಗ ಯಾವ ಬಣ್ಣ ಎಂದು ನಿರ್ಧರಿಸುವುದು ಅದೇ. ಕ್ಯಾಮೆರಾಕ್ಕೆ ಅದರಿಂದ ಒಂದು ತಂತಿ ಹೋಗಿರುತ್ತದೆ. ಕೆಂಪು ದೀಪಕ್ಕೆ ವಿದ್ಯುತ್ ಹರಿದ ಕ್ಷಣವೇ ಕ್ಯಾಮೆರಾಕ್ಕೂ ಸುದ್ದಿ ಮುಟ್ಟುತ್ತದೆ, ಅದು ಎಚ್ಚರವಾಗುತ್ತದೆ. ಹಸಿರು ಬಿದ್ದರೆ ಮತ್ತೆ ತೂಕಡಿಕೆ. ಹೀಗೆ ತಂತಿ ಎಳೆಯದ ಕಡೆ, ದೀಪವನ್ನೇ ದಿಟ್ಟಿಸುವ ಇನ್ನೊಂದು ಕ್ಯಾಮೆರಾ ಇಟ್ಟು ಬಣ್ಣವನ್ನು ಚಿತ್ರದಿಂದಲೇ ಓದಿಸುವ ಪದ್ಧತಿಯೂ ಇದೆ.

ಎಚ್ಚರವಾದ ಮೇಲೆ ಅದು ಕಾಯುವುದು ಒಂದೇ ಘಟನೆಗೆ: ಬಿಳಿ ಗೆರೆಯನ್ನು ಯಾವುದಾದರೂ ವಾಹನ ದಾಟುತ್ತದೆಯೇ ಎಂದು. ದಾಟಿದರೆ ಎರಡು ಚಿತ್ರ ತೆಗೆಯುತ್ತದೆ. ಮೊದಲನೆಯದರಲ್ಲಿ ಮುಂದಿನ ಚಕ್ರ ಗೆರೆಯ ಹತ್ತಿರ ಇರಬೇಕು, ಅದೇ ಚೌಕಟ್ಟಿನಲ್ಲಿ ಕೆಂಪು ದೀಪವೂ ಕಾಣಬೇಕು. ಎರಡನೆಯದರಲ್ಲಿ ಅದೇ ವಾಹನ ವೃತ್ತದ ನಡುವೆ ಇರಬೇಕು, ದೀಪ ಆಗಲೂ ಕೆಂಪಾಗಿರಬೇಕು. ಕ್ಯಾಮೆರಾ ಬೆನ್ನಿಗೆ ಇರುವುದೂ ಇದಕ್ಕೇ. ಹಿಂದಿನಿಂದ ನೋಡಿದರೆ ಗೆರೆ, ನಂಬರು, ಎದುರಿನ ದೀಪ ಮೂರೂ ಒಂದೇ ಚಿತ್ರದಲ್ಲಿ ಸಿಗುತ್ತವೆ. ನಂಬರನ್ನು ಓದಲು ಹತ್ತಿರದಿಂದ ನೋಡುವ ಇನ್ನೊಂದು ಕಣ್ಣನ್ನೂ ಬಹಳ ಕಡೆ ಇಡುತ್ತಾರೆ.

ಎರಡು ಚಿತ್ರ ಯಾಕೆ ಎಂದರೆ, ಒಂದೇ ಚಿತ್ರ ಸುಳ್ಳು ಹೇಳಬಲ್ಲದು. ಗಡಬಡಿಸಿ ಬ್ರೇಕ್ ಹಾಕಿ ಗೆರೆಯ ಮೇಲೆ ಒಂದು ಅಡಿ ಬಂದು ನಿಂತವನೂ ಮೊದಲನೆಯ ಚಿತ್ರದಲ್ಲಿ ಕಳ್ಳನ ಹಾಗೆಯೇ ಕಾಣುತ್ತಾನೆ. ಎರಡನೆಯದರಲ್ಲೂ ಅವನು ಅಲ್ಲೇ ನಿಂತಿದ್ದರೆ ಅದು ಕೆಂಪು ದಾಟಿದ ಕಥೆಯಲ್ಲ; ಗೆರೆ ತುಳಿದ ಬೇರೆ, ಸಣ್ಣ ಕಥೆ. ಹಾಗೆಯೇ, ಹಳದಿ ಇದ್ದಾಗ ಗೆರೆ ದಾಟಿ ಎದುರಿನ ಲಾರಿ ನಿಂತಿದ್ದಕ್ಕೆ ವೃತ್ತದ ನಡುವೆ ಸಿಕ್ಕಿಕೊಂಡವನ ಮೇಲೆ ಕೆಂಪು ಬಿದ್ದರೆ ಕ್ಯಾಮೆರಾ ಅವನನ್ನು ಹಿಡಿಯುವುದಿಲ್ಲ. ಕೆಂಪಿನಲ್ಲಿ ನೀವು ಎಲ್ಲಿದ್ದಿರಿ ಎಂಬುದು ಅದಕ್ಕೆ ಬೇಕಿಲ್ಲ. ಕೆಂಪು ಬಿದ್ದ ಮೇಲೆ ಚಕ್ರ ಗೆರೆ ದಾಟಿತೇ, ಅಷ್ಟೇ. ಈ ಒಂದು ಮಾತನ್ನು ಓದುಗರು ಗಂಟು ಕಟ್ಟಿಟ್ಟುಕೊಂಡರೆ ನನಗೆ ಬಂದಿರುವ ಪತ್ರಗಳಲ್ಲಿ ಅರ್ಧಕ್ಕೆ ಉತ್ತರ ಸಿಕ್ಕಂತೆ.

ಕೆಂಪು ಬಿದ್ದ ತಕ್ಷಣವೇ ಗಬಕ್ಕನೆ ಹಿಡಿಯದೆ, ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನವರೆಗೆ ರಿಯಾಯಿತಿ ಕೊಡುವ ಪದ್ಧತಿ ಹಲವು ದೇಶಗಳಲ್ಲಿದೆ. ಗಂಗಾವತಿಯವರೇ, ನೀವು ಪತ್ರದಲ್ಲಿ 'ಕೆಂಪು ಬಿದ್ದು ಎರಡೋ ಮೂರೋ ಸೆಕೆಂಡು ಆಗಿರಬಹುದು ಅಷ್ಟೇ' ಎಂದು ಬರೆದಿದ್ದೀರಿ. ಎರಡು ಸೆಕೆಂಡಿಗೆ ಆಚೆ ರಸ್ತೆಗೆ ಹಸಿರು ಬಿದ್ದಿರುತ್ತದೆ, ಸ್ವಾಮಿ.

ಪ್ರಶ್ನೆ: ರಸ್ತೆಯ ಅಡಿಯಲ್ಲಿ ತೂಕದ ಯಂತ್ರ ಹೂತಿರುತ್ತಾರಂತೆ. ನನ್ನದು ಹಳೆಯ ಮೊಪೆಡ್. ನಾನೂ ತೆಳ್ಳಗಿದ್ದೇನೆ. ಅದಕ್ಕೆ ನಾವು ಗೊತ್ತಾಗುವುದಿಲ್ಲ ಎನ್ನುತ್ತಾರಲ್ಲ, ನಿಜವೇ?
(ಜೀನ್ಸ್ ಹೊಲಿಗೆ ಘಟಕದ ಮೇಸ್ತ್ರಿ, ಕೌಲ್ ಬಜಾರ್, ಬಳ್ಳಾರಿ)

ಹೂತಿರುವುದು ನಿಜ, ತೂಕ ಸುಳ್ಳು. ಡಾಂಬರಿನಲ್ಲಿ ಗರಗಸದಿಂದ ಬೆರಳು ಆಳದ ಸೀಳು ಕೊಯ್ದು, ಅದರಲ್ಲಿ ತಾಮ್ರದ ತಂತಿಯನ್ನು ಚೌಕವಾಗಿ ಮೂರು ನಾಲ್ಕು ಸುತ್ತು ಕೂರಿಸಿ, ಮೇಲೆ ಅಂಟು ಸುರಿದು ಮುಚ್ಚುತ್ತಾರೆ. ಆ ಸುರುಳಿಯಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತಿರುತ್ತದೆ. ಮೇಲೆ ಲೋಹ ಬಂದರೆ ಆ ಲೋಹದೊಳಗೂ ಸಣ್ಣ ಸುಳಿಗಳ ಹಾಗೆ ವಿದ್ಯುತ್ ಹುಟ್ಟುತ್ತದೆ, ಅದರಿಂದ ಸುರುಳಿಯ ಲಯ ಸ್ವಲ್ಪ ಚುರುಕಾಗುತ್ತದೆ. ಕಪಾಟಿನೊಳಗಿನ ಉಪಕರಣ ಆ ಬದಲಾವಣೆಯನ್ನು ಹಿಡಿಯುತ್ತದೆ. ಗೆರೆಯ ಹತ್ತಿರ ಇಂತಹ ಎರಡು ಸುರುಳಿ ಇಟ್ಟರೆ, ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ಎಷ್ಟು ಹೊತ್ತಾಯಿತು ಎಂಬುದರಿಂದ ವೇಗವೂ ಸಿಗುತ್ತದೆ. ನೀವು ನಿಲ್ಲುವವರೋ ನುಗ್ಗುವವರೋ ಎಂದು ಯಂತ್ರ ಅಂದಾಜು ಮಾಡುವುದು ಆ ವೇಗದಿಂದಲೇ.

ಆದ್ದರಿಂದ ಕ್ವಿಂಟಾಲ್ ಗಟ್ಟಲೆ ಹತ್ತಿ ಹೇರಿದ ಗಾಡಿಯೂ ನಿಮ್ಮ ಮೊಪೆಡ್ಡೂ ಅದಕ್ಕೆ ಲೋಹದ ಲೆಕ್ಕದಲ್ಲಿ ಮಾತ್ರ ಬೇರೆ. ಮೊಪೆಡ್ಡಿನ ಲೋಹ ಕಡಿಮೆ, ಚೌಕದ ನಟ್ಟನಡುವೆ ಹೋದರೆ ಕೆಲವೊಮ್ಮೆ ತಪ್ಪಿಹೋಗುತ್ತದೆ, ಸೀಳಿನ ಗುಂಟ ಹೋದರೆ ಸಿಗುತ್ತದೆ. ಇದನ್ನು ಓದಿ ಉತ್ಸಾಹಗೊಳ್ಳಬೇಡಿ. ನಮ್ಮ ದೇಶದ ಹೊಸ ವ್ಯವಸ್ಥೆಗಳಲ್ಲಿ ಹೆಚ್ಚಿನವು ನೆಲ ಅಗೆಯುವ ಉಸಾಬರಿಗೇ ಹೋಗುವುದಿಲ್ಲ. ಚಿತ್ರದ ಮೇಲೆಯೇ ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆದು, ಚಲಿಸುವ ವಸ್ತು ಆ ಗೆರೆ ದಾಟಿತೇ ಎಂದು ನೋಡುತ್ತವೆ. ಅದಕ್ಕೆ ನಿಮ್ಮ ತೆಳ್ಳನೆ ಮೈಯೂ ಚೆನ್ನಾಗಿಯೇ ಕಾಣುತ್ತದೆ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ವೃತ್ತಗಳಲ್ಲಿ ಶುರುವಾದ ವ್ಯವಸ್ಥೆಯಲ್ಲಿ ನಂಬರು ಓದುವ 250 ಕ್ಯಾಮೆರಾಗಳೂ ಕೆಂಪು ದಾಟುವವರನ್ನು ಹಿಡಿಯಲೆಂದೇ 80 ಕ್ಯಾಮೆರಾಗಳೂ ಇದ್ದವು.

ನಮ್ಮ ರೈಲ್ವೆಯ ಉಪಾಯ ಇನ್ನೂ ಸರಳ, 1872ರಷ್ಟು ಹಳೆಯದು. ಎರಡೂ ಹಳಿಗಳಲ್ಲಿ ಸಣ್ಣ ವಿದ್ಯುತ್ ಹರಿಸಿಡುತ್ತೇವೆ. ಗಾಡಿ ಬಂದರೆ ಅದರ ಗಾಲಿ ಮತ್ತು ಅಚ್ಚು ಎರಡು ಹಳಿಗಳನ್ನೂ ಸೇರಿಸಿಬಿಡುತ್ತವೆ, ಕೊನೆಯಲ್ಲಿರುವ ರಿಲೇ, ಅಂದರೆ ವಿದ್ಯುತ್ ಹರಿಯುವ ತನಕ ಮಾತ್ರ ಎತ್ತಿ ನಿಲ್ಲುವ ಸ್ವಿಚ್ಚು, ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ತಂತಿ ಕಡಿದರೂ ರಿಲೇ ಬೀಳುತ್ತದೆ, ಆಗಲೂ ಕೆಂಪು. ಕೆಟ್ಟರೂ ಒಳ್ಳೆಯ ಕಡೆಗೇ ಕೆಡುವುದು. ರಸ್ತೆಯ ಸುರುಳಿಗೆ ಆ ಗುಣವಿಲ್ಲ. ನೀರಿನ ಪೈಪು ಹಾಕುವವರು ಡಾಂಬರು ಅಗೆದರೆ ಸುರುಳಿ ಕಡಿಯಿತು, ಕ್ಯಾಮೆರಾ ಕುರುಡಾಯಿತು, ಯಾರಿಗೂ ಗೊತ್ತೇ ಆಗಲಿಲ್ಲ.

ಸುರುಳಿಯ ಮಾತು ಬಂದದ್ದಕ್ಕೆ ಇನ್ನೊಂದು. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮೂರಿನಲ್ಲಿ ಬೈಕಿನವರು ಸಿಗ್ನಲಿನಲ್ಲಿ ಎಲ್ಲಿ ನಿಲ್ಲುತ್ತಾರೆ ನೋಡಿ. ಗೆರೆಯಿಂದ ಇಪ್ಪತ್ತು ಮೀಟರ್ ಹಿಂದೆ, ಬೇವಿನ ಮರದ ನೆರಳು ಎಲ್ಲಿದೆಯೋ ಅಲ್ಲಿ. ನೆರಳು ಹಿಡಿಯುವಷ್ಟು ಜನ ಒಬ್ಬರಿಗೊಬ್ಬರು ಅಂಟಿಕೊಂಡು, ಗೆರೆಯ ತನಕ ರಸ್ತೆ ಬಟಾಬಯಲು. ನಾನೂ ಅಲ್ಲೇ ನಿಲ್ಲುತ್ತೇನೆ, 42 ಡಿಗ್ರಿಯಲ್ಲಿ ನಿಯಮಕ್ಕಿಂತ ತಲೆ ದೊಡ್ಡದು. ಆದರೆ ವಾಹನ ಇದೆಯೇ ಎಂದು ನೋಡಿಕೊಂಡು ಹಸಿರು ಕೊಡುವ ಸಿಗ್ನಲುಗಳೂ ಕೆಲವು ಊರುಗಳಲ್ಲಿವೆ. ಅಂತಹ ಕಡೆ ಗೆರೆಯ ಹತ್ತಿರದ ಸುರುಳಿಯ ಮೇಲೆ ಯಾರೂ ಇಲ್ಲದಿದ್ದರೆ ಈ ರಸ್ತೆಯಲ್ಲಿ ಕಾಯುವವರೇ ಇಲ್ಲ ಎಂದು ಯಂತ್ರ ತಿಳಿಯುತ್ತದೆ. ನೆರಳಿನಲ್ಲಿ ನಿಂತವರು ನೆರಳಿನಲ್ಲೇ ಇರಬೇಕಾಗುತ್ತದೆ.

ಪ್ರಶ್ನೆ: ಹಳದಿ ದೀಪದಲ್ಲಿ ನಿಲ್ಲಬೇಕೋ ಹೋಗಬೇಕೋ? ಮನೆಯಲ್ಲಿ ಗಂಡ ಒಂದು ಹೇಳುತ್ತಾರೆ, ಚಾಲನಾ ಶಾಲೆಯವರು ಇನ್ನೊಂದು ಹೇಳಿದರು.
(ಕಾಲೇಜು ಉಪನ್ಯಾಸಕಿ, ರಾಯಚೂರು)

ನಿಲ್ಲಲು ಸಾಧ್ಯವಿದ್ದರೆ ನಿಲ್ಲಬೇಕು. ಗೆರೆಗೆ ತೀರ ಹತ್ತಿರ ಬಂದಿದ್ದು, ಬ್ರೇಕ್ ಹಾಕಿದರೆ ಹಿಂದಿನವನು ಬಂದು ಗುದ್ದುವ ಹಾಗಿದ್ದರೆ ಮಾತ್ರ ಹೋಗಬೇಕು. ನಿಮ್ಮ ಮನೆಯ ಜಗಳದಲ್ಲಿ ಯಾರು ಗೆದ್ದರೆಂದು ನಾನು ಹೇಳುವುದಿಲ್ಲ.

ಆ 'ತೀರ ಹತ್ತಿರ' ಎಷ್ಟು ಎಂದು ಲೆಕ್ಕ ಹಾಕಬಹುದು. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಹಳದಿ ಕಂಡು ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡು ಹಿಡಿಯಿರಿ, ಆ ಹೊತ್ತಿಗೇ 11 ಮೀಟರ್ ಕಳೆಯಿತು. ಆಮೇಲೆ ಒಳಗೆ ಕುಳಿತವರು ಮುಗ್ಗರಿಸದಂತೆ ಹದವಾಗಿ ಬ್ರೇಕ್ ಒತ್ತಿದರೆ ಇನ್ನು 20 ಮೀಟರಿನ ಮೇಲೆ ಬೇಕು. ಒಟ್ಟು 32 ಮೀಟರ್ ಆಸುಪಾಸು. ಅದೇ 50 ಕಿ.ಮೀ. ವೇಗಕ್ಕೆ 46 ಮೀಟರ್ ಆಗುತ್ತದೆ. ವೇಗ ಕಾಲು ಪಾಲು ಏರಿದರೆ ದೂರ ಅರ್ಧದ ಹತ್ತಿರ ಏರಿತು, ನೋಡಿ. ಹೇರು ಹೊತ್ತ ಲಾರಿಗೆ ಇನ್ನೂ ಹೆಚ್ಚು ಬೇಕು.

ಈಗ ಕುತೂಹಲದ ಭಾಗ. ಹಳದಿಯ ಅವಧಿ ಬೇಕಾದ್ದಕ್ಕಿಂತ ಕಡಿಮೆ ಇದ್ದರೆ ರಸ್ತೆಯಲ್ಲಿ ಒಂದು ತುಂಡು ಜಾಗ ಉಳಿದುಬಿಡುತ್ತದೆ. ಹಳದಿ ಬಿದ್ದಾಗ ಆ ತುಂಡಿನಲ್ಲಿರುವವನು ನಿಲ್ಲಲೂ ಆಗದು, ಕೆಂಪಿಗೆ ಮುಂಚೆ ದಾಟಲೂ ಆಗದು. ಎಷ್ಟೇ ಪ್ರಾಮಾಣಿಕನಾದರೂ ಅವನು ತಪ್ಪಿತಸ್ಥನೇ. 1960ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನ ಮೂವರು ಸಂಶೋಧಕರು, ಗಾಜಿಸ್, ಹರ್ಮನ್ ಮತ್ತು ಮಾರಡುಡಿನ್, ಇದನ್ನೇ ಗಣಿತದಲ್ಲಿ ತೋರಿಸಿದರು. ಅವರ ಲೆಕ್ಕದ ಪ್ರಕಾರ 40 ಕಿ.ಮೀ. ವೇಗಕ್ಕೆ ಹಳದಿ ಮೂರು ಸೆಕೆಂಡಿನ ಹತ್ತಿರ ಇರಬೇಕು, 50ಕ್ಕೆ ಮೂರೂಕಾಲಿನ ಮೇಲೆ. ಕ್ಯಾಮೆರಾ ಹಾಕುವ ಮುಂಚೆ ಯಾವ ಊರಾದರೂ ಮೊದಲು ಗಡಿಯಾರ ಹಿಡಿದು ತನ್ನ ಹಳದಿಯನ್ನು ಅಳೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಕೈಯಲ್ಲೂ ಮೊಬೈಲ್ ಇದೆ, ರಸ್ತೆಯ ಬದಿಯಲ್ಲಿ ನಿಂತು ಹತ್ತು ಸಲ ಅಳೆದು ನೋಡಿ. ಚಾಲನೆ ಮಾಡುತ್ತಾ ಅಳೆಯಬೇಡಿ.

ಪ್ರಶ್ನೆ: ಅದಿರು ಹೊಡೆಯುತ್ತೇನೆ. ನಂಬರ್ ಪ್ಲೇಟು ದಿನವೂ ಕೆಂಪು ಧೂಳಿನಲ್ಲಿ ಮುಚ್ಚಿರುತ್ತದೆ. ರಾತ್ರಿ ಹೊತ್ತು ಫ್ಲ್ಯಾಶ್ ಕೂಡ ಇಲ್ಲ. ಆದರೂ ಹೇಗೆ ಓದುತ್ತಾರೆ?
(ಲಾರಿ ಚಾಲಕ, ಸಂಡೂರು)

ಫ್ಲ್ಯಾಶ್ ಇದೆ, ನಿಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಅತಿಗೆಂಪು ಬೆಳಕು ಅದು. ಕ್ಯಾಮೆರಾದ ಪಕ್ಕದ ದೀಪದ ಗುಚ್ಛವನ್ನು ಕತ್ತಲಲ್ಲಿ ದಿಟ್ಟಿಸಿ ನೋಡಿದರೆ ಬೂದಿ ಮುಚ್ಚಿದ ಕೆಂಡದಂತೆ ಮಂದವಾಗಿ ಕಂಡೀತು. ನಂಬರ್ ಫಲಕದ ಮೇಲಿನ ಹಾಳೆ ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುತ್ತದೆ, ಹೆದ್ದಾರಿಯ ಫಲಕಗಳು ನಿಮ್ಮ ಹೆಡ್‌ಲೈಟಿಗೆ ಝಗ್ಗೆಂದು ಹೊಳೆಯುತ್ತವಲ್ಲ, ಹಾಗೆ. ಹಾಗಾಗಿ ಕಗ್ಗತ್ತಲಲ್ಲೂ ಚಿತ್ರದಲ್ಲಿ ಫಲಕವೊಂದೇ ಬೆಳ್ಳಗೆ, ಅಕ್ಷರ ಕಪ್ಪಗೆ, ಉಳಿದ ಲಾರಿಯೆಲ್ಲ ಮಸಿ. ಚಲಿಸುವ ಗಾಡಿ ಮಸುಕಾಗದಿರಲೂ ಒಂದು ಲೆಕ್ಕವಿದೆ. 40 ಕಿ.ಮೀ. ವೇಗದಲ್ಲಿ ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಗಾಡಿ ಒಂದು ಅಡಿಗಿಂತ ಹೆಚ್ಚು ಓಡಿರುತ್ತದೆ. ಸಾವಿರದ ಒಂದು ಭಾಗದಲ್ಲಿ ಬರೀ ಒಂದು ಸೆಂಟಿಮೀಟರ್. ಕ್ಯಾಮೆರಾ ಕಣ್ಣು ತೆರೆದು ಮುಚ್ಚುವುದು ಆ ಎರಡನೆಯ ಲೆಕ್ಕದಲ್ಲಿ.

ಅದಿರಿನ ಧೂಳು ಕವಿದರೆ ಆ ಹಾಳೆ ಹೊಳೆಯುವುದಿಲ್ಲ, ನಿಜ. ಸಂಡೂರಿನಿಂದ ತೋರಣಗಲ್ಲಿಗೆ ಒಂದು ಸುತ್ತು ಹೋಗಿ ಬಂದರೆ ಬಿಳಿ ಎತ್ತೂ ಕೆಂಪಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಾಣದ ನಂಬರು ಅದೇ ಒಂದು ತಪ್ಪು, ಅದಕ್ಕೆ ಕ್ಯಾಮೆರಾ ಬೇಕಿಲ್ಲ, ರಸ್ತೆಯಲ್ಲಿ ನಿಂತ ಪೇದೆ ಸಾಕು. ಕ್ಲೀನರಿನ ಕೈಗೆ ಒಂದು ಒದ್ದೆ ಬಟ್ಟೆ ಕೊಡಿ.

ಪ್ರಶ್ನೆ: ನಂಬರ್ ಪ್ಲೇಟಿನಲ್ಲಿ ಕನ್ನಡ ಅಂಕಿ ಬರೆಸಿದ್ದೇನೆ. ಕ್ಯಾಮೆರಾ ಕನ್ನಡ ಕಲಿಯಬಾರದೇ?
(ಕನ್ನಡ ಅಭಿಮಾನಿ, ಕೊಪ್ಪಳ)

ಕಲಿಸಬಹುದು, ಕಷ್ಟವಿಲ್ಲ. ಆದರೆ ಕೇಂದ್ರ ಮೋಟಾರು ವಾಹನ ನಿಯಮ ಇಂಗ್ಲಿಷ್ ಅಕ್ಷರ, ಅರೇಬಿಕ್ ಅಂಕಿ ಎನ್ನುತ್ತದೆ. ನಿಮ್ಮ ಕೆಎ-37 ಗಾಡಿ ನಾಳೆ ಗುಂತಕಲ್ಲಿಗೆ ಹೋಗಿ ಯಾರನ್ನಾದರೂ ಗುದ್ದಿದರೆ, ನೋಡಿದವರು ಓದಿ ಹೇಳಬೇಕಲ್ಲ. ಅಭಿಮಾನಕ್ಕೆ ಮಡ್‌ಗಾರ್ಡ್ ಇದೆ, ಅಲ್ಲಿ ಬರೆಸಿ.

ಪ್ರಶ್ನೆ: ನಿಮ್ಮ ಸ್ಕೂಟರಿನ ಕಥೆ ಏನಾಯಿತು?
(ಹನ್ನೊಂದು ಪತ್ರಗಳು)

ಸತ್ಯನಾರಾಯಣ ಪೇಟೆಯ ನನ್ನ ಮನೆಯ ಮುಂದೆ, ಬೇವಿನ ಮರದ ಕೆಳಗೆ, ಬೂದು ಬಣ್ಣದ ಆ ಸ್ಕೂಟರು ನಿಂತಿರುತ್ತದೆ. ಅದರ ಪ್ರಪಂಚ ಎಂದರೆ ಎಪಿಎಂಸಿ, ಮೋತಿ ವೃತ್ತ, ರೈಲ್ವೆ ಒಂದನೇ ಗೇಟು, ದುರ್ಗಮ್ಮನ ಗುಡಿ. ಒಂದು ಸಂಜೆ ಮೊಬೈಲಿಗೆ ಸಂದೇಶ ಬಂತು: ಇಂತಹ ಊರು, ಇಂತಹ ವೃತ್ತ, ಕೆಂಪು ದೀಪ ಉಲ್ಲಂಘನೆ, 500 ರೂಪಾಯಿ. ದುಡ್ಡಿಗಿಂತ ಹೆಚ್ಚಾಗಿ ಅವಮಾನವಾಯಿತು. ರೈಲ್ವೆಯಲ್ಲಿ ಕೆಂಪು ದಾಟಿದ ಚಾಲಕ ಅಂದೇ ಗಾಡಿಯಿಂದ ಇಳಿಯುತ್ತಾನೆ, ಒಂದು ಗೇಣು ದಾಟಿದರೂ ವಿಚಾರಣೆ. ಅಂತಹ ಇಲಾಖೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನಿಗೆ ಈ ಆರೋಪ.

ಮೊಮ್ಮಗ ಸರ್ಕಾರಿ ಜಾಲತಾಣ ತೆರೆದು ಗಾಡಿಯ ನಂಬರು ಹಾಕಿದ. ಚಿತ್ರ ಬಂತು. ಕಪ್ಪು ಮೋಟಾರ್ ಸೈಕಲ್. ಇಬ್ಬರು ಹುಡುಗರು. ಹಿಂದೆ ಕುಳಿತವನ ತಲೆಯಲ್ಲಿ ಹೆಲ್ಮೆಟ್ ಇಲ್ಲ, ಕೈಯಲ್ಲಿ ಪಾನಿಪುರಿಯ ಪೊಟ್ಟಣದಂತೆ ಏನೋ. ನಾನು ಆ ಎರಡರಲ್ಲಿ ಯಾವ ಹುಡುಗ ಎಂದು ಮೊಮ್ಮಗ ಕೇಳಿದ.

ನಂಬರನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆವು. ಕೆಎ-34 ಸರಿಯೇ, ನಡುವಿನ ಅಕ್ಷರಗಳೂ ಸರಿಯೇ. ಕೊನೆಯ ನಾಲ್ಕು ಅಂಕಿಗಳಲ್ಲಿ ನನ್ನ ಗಾಡಿಗೆ 8 ಇರುವ ಜಾಗದಲ್ಲಿ ಅಲ್ಲಿ ಇದ್ದದ್ದು 0. ಆ ಸೊನ್ನೆಯ ಹೊಟ್ಟೆಯ ನಟ್ಟನಡುವೆ ಫಲಕ ಕೂರಿಸಲು ಒಂದು ಬೋಲ್ಟ್ ಜಡಿದಿದ್ದರು. ಬೋಲ್ಟಿನ ತಲೆ ಕಪ್ಪಗೆ, ಎರಡು ಕಡೆಯ ಗೆರೆಗೂ ಅಂಟಿಕೊಂಡು, ಸೊನ್ನೆಯನ್ನು ಎಂಟು ಮಾಡಿತ್ತು. ತಂತ್ರಾಂಶ ಹೇಗೆ ಓದುತ್ತದೆ ಎಂದರೆ, ಮೊದಲು ಚಿತ್ರದಲ್ಲಿ ಫಲಕದ ಆಯತವನ್ನು ಹುಡುಕುತ್ತದೆ, ಆಮೇಲೆ ಒಂದೊಂದೇ ಅಕ್ಷರವನ್ನು ಬಿಡಿಸಿ ತನಗೆ ಕಲಿಸಿದ ಆಕಾರಗಳಿಗೆ ಹೋಲಿಸುತ್ತದೆ. ಇಂಗ್ಲಿಷಿನ 'ಬಿ' ಮತ್ತು 8, 'ಓ' ಮತ್ತು 0 ಅದನ್ನು ಕಾಡುವ ಜೋಡಿಗಳು. ನಮ್ಮ ನಂಬರುಗಳಲ್ಲಿ ಎಲ್ಲಿ ಅಕ್ಷರ, ಎಲ್ಲಿ ಅಂಕಿ ಎಂಬುದು ಮೊದಲೇ ನಿಗದಿಯಾಗಿರುವುದರಿಂದ ಆ ಗೊಂದಲ ಬಹುಮಟ್ಟಿಗೆ ಬಗೆಹರಿಯುತ್ತದೆ. ಆದರೆ ಎರಡೂ ಅಂಕಿಯೇ ಆದಾಗ ಯಂತ್ರ ಕಣ್ಣನ್ನೇ ನಂಬಬೇಕು. ಅದರ ಕಣ್ಣಿಗೆ ಬೋಲ್ಟು ಗೊತ್ತಿಲ್ಲ. ಈಚಿನ ಅತಿ ಸುರಕ್ಷಿತ ಫಲಕಗಳಲ್ಲಿ ಅಕ್ಷರಗಳು ಉಬ್ಬಿರುತ್ತವೆ, ಕೀಲುಗಳನ್ನು ಅಂಕಿಯಿಂದ ದೂರ ಹಾಕುತ್ತಾರೆ. ಆ ಹುಡುಗರದು ಪೇಟೆಯಲ್ಲಿ ಬರೆಸಿದ ಫಲಕ.

ಯಂತ್ರ ಓದಿದ್ದನ್ನು ಮನುಷ್ಯನೊಬ್ಬ ನೋಡಿ ಒಪ್ಪಬೇಕು. ಚಿತ್ರದಲ್ಲಿ ಮೋಟಾರ್ ಸೈಕಲ್, ದಾಖಲೆಯಲ್ಲಿ ಸ್ಕೂಟರು. ಯಾರಾದರೂ ಒಂದು ಕ್ಷಣ ಕಣ್ಣು ಹಾಯಿಸಿದ್ದರೂ ಸಿಕ್ಕಿಬೀಳುತ್ತಿತ್ತು. ನನಗೆ ಸಿಟ್ಟು ಬಂದದ್ದು ಆ ಕ್ಷಣದ ಮೇಲೆ, ಬೋಲ್ಟಿನ ಮೇಲಲ್ಲ. ಸ್ಕೂಟರನ್ನು ನಾಲ್ಕು ದಿಕ್ಕಿನಿಂದ ಚಿತ್ರ ತೆಗೆದು, ಆರ್‌ಸಿ ಪ್ರತಿ ಲಗತ್ತಿಸಿ, ಸೊನ್ನೆಯ ಸುತ್ತ ಕೆಂಪು ಪೆನ್ನಿನಲ್ಲಿ ವೃತ್ತ ಹಾಕಿ ದೂರು ಕಳುಹಿಸಿದೆ. ಹನ್ನೆರಡನೆಯ ದಿನ ದಂಡ ಪಟ್ಟಿಯಿಂದ ಮಾಯವಾಯಿತು. ಒಂದು ಸಾಲಿನ ಉತ್ತರವೂ ಬರಲಿಲ್ಲ. ಆ ಹುಡುಗರಿಗೆ ಸರಿಯಾದ ನೋಟಿಸು ಹೋಯಿತೋ ಇಲ್ಲವೋ, ಅದು ನನ್ನ ಉಸಾಬರಿಯಲ್ಲ. ಆದರೂ ಹೋಗಿದ್ದರೆ ಚೆನ್ನಾಗಿತ್ತು ಅನಿಸುತ್ತದೆ.

ನಿಮಗೂ ನೋಟಿಸು ಬಂದರೆ ಹಣ ಕಟ್ಟುವ ಮುಂಚೆ ಚಿತ್ರ ನೋಡಿ. 2021ರ ಆಗಸ್ಟ್‌ನಲ್ಲಿ ಕೇಂದ್ರ ನಿಯಮಗಳಿಗೆ ಸೇರಿದ 167ಎ ಎಂಬ ನಿಯಮದ ಪ್ರಕಾರ ನೋಟಿಸಿನಲ್ಲಿ ತಪ್ಪು ಮತ್ತು ನಂಬರು ಎರಡೂ ಸ್ಪಷ್ಟವಾಗಿ ಕಾಣುವ ಚಿತ್ರ, ಸ್ಥಳ, ದಿನಾಂಕ, ವೇಳೆ, ಯಾವ ಕಲಮು ಎಂಬುದು ಇರಬೇಕು. ಕ್ಯಾಮೆರಾ ಇರುವ ಕಡೆ ಮುಂಚಿತವಾಗಿ ಎಚ್ಚರಿಕೆಯ ಫಲಕ ಇರಬೇಕು, ಉಪಕರಣಕ್ಕೆ ವರ್ಷ ವರ್ಷವೂ ನವೀಕರಿಸಿದ ಪ್ರಮಾಣಪತ್ರ ಇರಬೇಕು. ಕೇಳುವ ಹಕ್ಕು ನಿಮಗಿದೆ. ಚಿತ್ರದಲ್ಲಿ ನೀವೇ ಇದ್ದರೆ ಸುಮ್ಮನೆ ಕಟ್ಟಿಬಿಡಿ.

ಪ್ರಶ್ನೆ: ಹಿಂದೆ ಆಂಬುಲೆನ್ಸ್ ಕೂಗುತ್ತಿರುತ್ತದೆ, ಮುಂದೆ ಕೆಂಪು. ಗೆರೆ ದಾಟಿ ದಾರಿ ಕೊಟ್ಟರೆ ದಂಡ ಬೀಳುತ್ತದೆಯೇ?
(ಶುಶ್ರೂಷಕಿ, ಸಿಂಧನೂರು)

ಕ್ಯಾಮೆರಾ ಚಿತ್ರ ತೆಗೆದೇ ತೆಗೆಯುತ್ತದೆ, ಅದಕ್ಕೆ ಸೈರನ್ ಕೇಳಿಸುವುದಿಲ್ಲ. ಆದರೆ ತುರ್ತು ವಾಹನಕ್ಕೆ ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 194ಇ ಕಲಮಿನಲ್ಲಿ 10,000 ರೂಪಾಯಿ ದಂಡವಿದೆ. ಒಂದು ಕಲಮು ಹೋಗು ಎನ್ನುತ್ತದೆ, ಇನ್ನೊಂದು ನಿಲ್ಲು ಎನ್ನುತ್ತದೆ. ನಾನಾದರೆ ಎಡಕ್ಕೆ ಒತ್ತಿ, ಗೆರೆಯ ಆಚೆ ಒಂದು ಗಾಡಿಯಷ್ಟು ಉದ್ದ ಸರಿದು ಅಲ್ಲೇ ನಿಲ್ಲುತ್ತೇನೆ. ವೃತ್ತದ ಆಚೆ ದಡಕ್ಕೆ ನುಗ್ಗುವುದಿಲ್ಲ, ಅದು ನನ್ನ ಜೀವಕ್ಕೂ ಅಡ್ಡ ಬರುವವನ ಜೀವಕ್ಕೂ ಒಳ್ಳೆಯದಲ್ಲ. ಮೇಲೆ ಹೇಳಿದ ಎರಡನೆಯ ಚಿತ್ರ ಇಂತಹ ಹೊತ್ತಿನಲ್ಲಿ ನಿಮ್ಮ ಪರ ಸಾಕ್ಷಿ ಹೇಳುತ್ತದೆ. ನೋಟಿಸು ಬಂದರೂ ಆ ನಿಮಿಷದ ವಿಡಿಯೊ ತೋರಿಸಿ ಎಂದು ಕೇಳಿ, ಅದರಲ್ಲಿ ಆಂಬುಲೆನ್ಸ್ ಇರುತ್ತದೆ.

ಪ್ರಶ್ನೆ: 'ನಿಮ್ಮ ವಾಹನಕ್ಕೆ ದಂಡ ಬಿದ್ದಿದೆ, ಚಿತ್ರ ನೋಡಲು ಈ ಕಡತ ತೆರೆಯಿರಿ' ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ತೆರೆಯಲೇ?
(ಕಿರಾಣಿ ಅಂಗಡಿ ಮಾಲೀಕರು, ಕಂಪ್ಲಿ)

ಬೇಡ. ಚಿತ್ರ ನೋಡಲು ಯಾವ ಆ್ಯಪನ್ನೂ ಹಾಕಿಸಿಕೊಳ್ಳಬೇಕಾಗಿಲ್ಲ. ಕಡತದ ಹೆಸರು 'ಎಪಿಕೆ' ಎಂದು ಮುಗಿದರೆ ಅದು ನಿಮ್ಮ ಮೊಬೈಲಿನೊಳಗೆ ಬಾಡಿಗೆ ಕೊಡದೆ ಸೇರಿಕೊಳ್ಳಲು ಬಂದ ಕಳ್ಳ. ಸರ್ಕಾರಿ ಜಾಲತಾಣದ ವಿಳಾಸವನ್ನು ನೀವೇ ಬೆರಳಚ್ಚಿಸಿ, 'ಜಿಒವಿ ಡಾಟ್ ಐಎನ್' ಎಂದು ಮುಗಿಯುತ್ತದೆಯೇ ನೋಡಿ, ಅಲ್ಲಿ ಗಾಡಿಯ ನಂಬರು ಹಾಕಿ. ಈಗಾಗಲೇ ತೆರೆದು ದುಡ್ಡು ಹೋಗಿದ್ದರೆ ಈ ಪತ್ರಿಕೆಗೆ ಬರೆಯುತ್ತಾ ಕೂರಬೇಡಿ, ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಈ ಕ್ಯಾಮೆರಾಗಳಿಂದ ಅಪಘಾತ ನಿಜವಾಗಿ ಕಡಿಮೆಯಾಗಿದೆಯೇ, ಅಥವಾ ಇದೆಲ್ಲ ಬೊಕ್ಕಸ ತುಂಬುವ ಉಪಾಯವೇ?
(ನಿವೃತ್ತ ಶಿಕ್ಷಕರು, ಸಿರುಗುಪ್ಪ)

ಮೇಷ್ಟ್ರು ಕೇಳಿದ ಪ್ರಶ್ನೆಗೆ ಹೌದು, ಇಲ್ಲ ಎಂದು ಮುಗಿಸುವ ಹಾಗಿಲ್ಲ. 2005ರಲ್ಲಿ ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತ ಏಳು ಪ್ರದೇಶಗಳ 132 ಕ್ಯಾಮೆರಾ ವೃತ್ತಗಳನ್ನು ಅಧ್ಯಯನ ಮಾಡಿತು. ಅಡ್ಡದಿಂದ ಬಂದು ಪಕ್ಕೆಗೆ ಗುದ್ದುವ ಅಪಘಾತಗಳು ಸುಮಾರು 25 ಶೇಕಡ ಇಳಿದಿದ್ದವು. ಹಿಂದಿನಿಂದ ಗುದ್ದುವವು ಸುಮಾರು 15 ಶೇಕಡ ಏರಿದ್ದವು. ಕಾರಣ ಸುಲಭ: ಕ್ಯಾಮೆರಾಕ್ಕೆ ಹೆದರಿ ಮುಂದಿನವನು ಗಕ್ಕನೆ ನಿಲ್ಲುತ್ತಾನೆ, ಹಿಂದಿನವನು ಅವನೂ ದಾಟುತ್ತಾನೆಂದು ನಂಬಿ ಬಂದಿರುತ್ತಾನೆ. ಎರಡೂ ಅಪಘಾತವೇ ಆದರೂ ಒಂದೇ ಅಲ್ಲ. ಹಿಂದಿನಿಂದ ಗುದ್ದಿದರೆ ಬಂಪರು ನಜ್ಜುಗುಜ್ಜಾಗುತ್ತದೆ, ಕುತ್ತಿಗೆ ಉಳುಕುತ್ತದೆ. ಪಕ್ಕೆಗೆ ಗುದ್ದಿದರೆ ನಡುವೆ ಇರುವುದು ಒಂದು ತೆಳು ಬಾಗಿಲು. ಬೈಕಿನವನಿಗೆ ಅದೂ ಇಲ್ಲ. ಆದ್ದರಿಂದ ನನ್ನ ಮತ ಕ್ಯಾಮೆರಾದ ಪರ, ಹಳದಿಯನ್ನು ಮೊದಲು ಅಳೆಯಬೇಕೆಂಬ ಷರತ್ತಿನೊಡನೆ.

ಬೊಕ್ಕಸದ ಮಾತು ತೆಗೆದಿರಿ. ಕರ್ನಾಟಕದಲ್ಲಿ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಸೀರೆಯಂಗಡಿಯ ಮುಂದೆ ನಿಂತ ಹಾಗೆ ಸಾಲು ನಿಂತದ್ದು ನಿಮಗೆ ನೆನಪಿರಬೇಕು. ದಂಡಕ್ಕೂ ಆಷಾಢದ ರಿಯಾಯಿತಿ ಕೊಟ್ಟರೆ ಅದರ ಭಯ ಎಲ್ಲಿ ಉಳಿಯುತ್ತದೆ? ಬೊಕ್ಕಸ ತುಂಬಿತೋ ಇಲ್ಲವೋ, ಮುಂದಿನ ರಿಯಾಯಿತಿಯ ತನಕ ಕಾಯೋಣ ಎಂಬ ಪಾಠವನ್ನಂತೂ ಜನ ಕಲಿತರು.

ಈ ಯಂತ್ರವನ್ನು ಕಟ್ಟಿದವನ ಕಥೆ ಕೇಳಿದರೆ ನಿಮಗೆ ನಗು ಬಂದೀತು. ಹಾಲೆಂಡಿನ ಮಾಸ್ ಗಾಟ್ಸೊನಿಡೆಸ್ ಕಾರು ಪಂದ್ಯಗಾರ, 1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದವನು. ತಿರುವುಗಳಲ್ಲಿ ತನ್ನ ಕಾರಿನ ವೇಗವನ್ನು ಅಳೆದುಕೊಂಡು ಇನ್ನೂ ಜೋರಾಗಿ ಓಡಿಸಲು ಉಪಕರಣ ಕಟ್ಟಿದ. ಅದರಿಂದಲೇ ಪೊಲೀಸರಿಗೆ ವೇಗದ ಕ್ಯಾಮೆರಾ ಮಾರುವ ಕಂಪನಿ ಹುಟ್ಟಿತು, 1960ರ ದಶಕದಲ್ಲಿ ಅದೇ ಕಂಪನಿ ರಸ್ತೆಗೆ ಅಡ್ಡಲಾಗಿ ಕೊಳವೆ ಹಾಸಿ ಕೆಂಪು ದಾಟುವವರ ಚಿತ್ರ ತೆಗೆಯತೊಡಗಿತು. ಇನ್ನು ದೀಪವನ್ನು ರಸ್ತೆಗೆ ತಂದವರು ನಮ್ಮವರೇ, ರೈಲ್ವೆಯವರು. 1868ರ ಡಿಸೆಂಬರ್‌ನಲ್ಲಿ ಲಂಡನ್ನಿನ ಸಂಸತ್ತಿನ ಹತ್ತಿರ ರೈಲ್ವೆ ಸಿಗ್ನಲ್ ತಜ್ಞ ಜೆ.ಪಿ. ನೈಟ್ ನಿಲ್ಲಿಸಿದ ಕಂಬದಲ್ಲಿ ಕೈಮರದ ಜೊತೆಗೆ ಕೆಂಪು, ಹಸಿರು ಅನಿಲ ದೀಪಗಳಿದ್ದವು. ಮರು ತಿಂಗಳೇ ಅನಿಲ ಸೋರಿ ಅದು ಸಿಡಿಯಿತು, ಅದನ್ನು ತಿರುಗಿಸುತ್ತಿದ್ದ ಪೊಲೀಸ್ ಪೇದೆ ಗಾಯಗೊಂಡ.

ಪ್ರಶ್ನೆ: ನಮ್ಮದು ಚಕ್ಕಡಿ. ಎತ್ತುಗಳಿಗೆ ಕೆಂಪು ಹಸಿರು ಗೊತ್ತಾಗುವುದಿಲ್ಲ. ಕ್ಯಾಮೆರಾ ಇರುವ ಊರಿಗೆ ಹೋಗಿ ದಾಟಿಬಿಟ್ಟರೆ?
(ರೈತರು, ಕುರುಗೋಡು)

ನೆಲದಲ್ಲಿ ಸುರುಳಿ ಇದ್ದರೆ ಗಾಲಿಯ ಕಬ್ಬಿಣದ ಪಟ್ಟಿಗೆ ಅದು ಎಚ್ಚರವಾದರೂ ಆದೀತು. ಚಿತ್ರದ ಗೆರೆಯಾದರೆ ಎತ್ತು ಬೈಕು ಎನ್ನುವ ಭೇದವಿಲ್ಲದೆ ಎರಡು ಚಿತ್ರ ಬೀಳಲೂಬಹುದು. ಆಮೇಲೆ ತಂತ್ರಾಂಶ ನಂಬರ್ ಫಲಕದ ಆಯತಕ್ಕಾಗಿ ಚಿತ್ರವನ್ನೆಲ್ಲ ಹುಡುಕುತ್ತದೆ. ಬಾಲ ಸಿಗುತ್ತದೆ, ಮೇವಿನ ಹೊರೆ ಸಿಗುತ್ತದೆ. ವಾಹನ ನೋಂದಣಿಯ ದಾಖಲೆಯಲ್ಲಿ ನಿಮ್ಮ ಎತ್ತುಗಳಿಲ್ಲ. ಪರದೆಯ ಮುಂದೆ ಕುಳಿತ ಪೇದೆ ಆ ಚಿತ್ರವನ್ನು ಅಳಿಸುವ ಮುಂಚೆ ಪಕ್ಕದವನನ್ನು ಕರೆದು ತೋರಿಸುತ್ತಾನೆ ಎಂದು ನನ್ನ ಊಹೆ. ನೀವು ಮಾತ್ರ ಹಗ್ಗ ಎಳೆದು ಹಿಡಿಯಿರಿ, ಅಡ್ಡ ರಸ್ತೆಯಿಂದ ಬರುವ ಲಾರಿಗೆ ಹಸಿರು ಬಿದ್ದಿರುತ್ತದೆ.